ಖೂಬರಾಮನನ್ನು ದಾಟಿಹೋದ ಹುಕ್ಕಾ

ರಿಸಾಲೋಳ ಜಗುಲಿಯ ಮೇಲಿನ ಹಿತ್ತಾಳೆ ಹುಕ್ಕಾ ಎಂದರೆ ಆ ಊರಿನ ಅಹೀರ ಜಾತಿಯವರಿಗೆ ಕೋರ್ಟು ಕಚೇರಿ ಎಲ್ಲ ಅದೇ. ಅವಳ ಗಂಡ ಬರ್ಮಾದ ಯುದ್ಧದಿಂದ ಬದುಕಿ ಬಂದ ಖುಷಿಗೆ ರೇವಾಡಿ ಪೇಟೆಯಲ್ಲಿ ಕೊಂಡು ತಂದದ್ದು. ಅವನು ಸತ್ತ ಮೇಲೂ ಅವಳು ಅದನ್ನು ಆರಲು ಬಿಡಲಿಲ್ಲ. ಸಂಜೆಯಾದರೆ ನೀರು ಬದಲಿಸಿ, ಬೆರಣಿ ಕೆಂಡ ತುಂಬಿ, ಜಗುಲಿಯಲ್ಲಿಟ್ಟು ಬಾಗಿಲ ಮರೆಗೆ ಸರಿಯುವಳು. ಗಂಡಸರು ಸುತ್ತ ಕೂರುವರು. ಕೊಳವೆ ಯಾರ ಕಡೆ ತಿರುಗಿತೋ ಅವನು ನಮ್ಮವನು. ಯಾರನ್ನು ದಾಟಿ ಮುಂದೆ ಹೋಯಿತೋ ಅವನ ಮನೆಯ ನೀರು, ನೆಂಟಸ್ತನ, ಕೊನೆಗೆ ಹೆಣ, ಎಲ್ಲವನ್ನೂ ಊರು ದಾಟಿಕೊಂಡು ಹೋಗುತ್ತಿತ್ತು.

ಅರುವತ್ತೆರಡರ ಚಳಿಗಾಲದಲ್ಲಿ ಚೀನಾದವರು ಲಡಾಖಿನ ಗುಡ್ಡ ಹತ್ತಿ ಬಂದರು. ಸುತ್ತಮುತ್ತಲಿನ ಹಳ್ಳಿಗಳ ಹುಡುಗರೆಲ್ಲ ಸೇನೆಯ ಒಂದೇ ಕಂಪನಿಯಲ್ಲಿದ್ದರು. ರಿಸಾಲೋಳ ಒಬ್ಬನೇ ಮಗ ಜಗಮಾಲನೂ ಇದ್ದ, ಪಕ್ಕದ ಓಣಿಯ ಖೂಬರಾಮನೂ ಇದ್ದ. ಯುದ್ಧ ಮುಗಿಯಿತು, ಸೋತೆವು. 'ಕಾಣೆಯಾಗಿದ್ದಾನೆ' ಎಂಬ ತಂತಿ ರಿಸಾಲೋಳ ಮನೆಗೆ ಬಂತು. ಹತ್ತಿಯ ಅಂಗಿ ತೊಡಿಸಿ ಹುಡುಗರನ್ನು ಹಿಮಕ್ಕೆ ಅಟ್ಟಿದವರನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದು ಬದುಕಿ ಬಂದವನನ್ನು.

ಬಂದವನು ಖೂಬರಾಮ. ಹೋಳಿ ಹಬ್ಬಕ್ಕೆ ಸ್ವಲ್ಪ ಮುಂಚೆ, ಕುಂಟುತ್ತಾ, ಹಿಮಕ್ಕೆ ಬೆರಳು ಉದುರಿದ ಕೈಗೆ ಬಟ್ಟೆ ಸುತ್ತಿಕೊಂಡು ಬಂದು ನೇರವಾಗಿ ಆ ಜಗುಲಿಯಲ್ಲಿ ಕೂತ.

"ಎಲ್ರೂ ಸತ್ರು ಅಂತೀಯ. ಚೀನಾದೋರು ನಿನಗೇನು ಬೀಗರೇನೋ, ನಿನ್ನೊಬ್ಬನ್ನ ಮಾತ್ರ ಬಿಟ್ಟು ಕಳ್ಸೋಕೆ?" ಎಂದ ಊರ ಮುಖಂಡ ಶಿಯೋಚಂದ.

"ಕಾಲಿಗೆ ಗುಂಡು ಬಿತ್ತು ಚಾಚಾ. ಗುಡ್ಡದಿಂದ ಉರುಳ್ದೆ. ಎಚ್ಚರಾದಾಗ ಕೆಳಗಿದ್ದೆ."

"ಉರುಳ್ದೆಯೋ ಓಡ್ದೆಯೋ, ಸರಿಯಾಗಿ ಹೇಳು. ಇಳಿಜಾರಲ್ಲಿ ಎರಡೂ ಒಂದೇ ಥರ ಕಾಣ್ತವೆ."

ಜಗುಲಿ ನಕ್ಕಿತು. ಖೂಬರಾಮ ನಗುವವರನ್ನು ಬಿಟ್ಟು ಬಾಗಿಲ ಕಡೆ ತಿರುಗಿದ. "ಚಾಚಿ, ಜಗಮಾಲ ನನ್ನ ಪಕ್ಕದಲ್ಲೇ ಇದ್ದ. ತೊಡೆಗೆ ಗುಂಡು ತಗುಲ್ತು. ನಮ್ಮವ್ವ ಹೆಣೆದುಕೊಟ್ಟಿದ್ದ ಕೆಂಪಂಚಿನ ಮಫ್ಲರು ಬಿಚ್ಚಿ ನಾನೇ ಕಟ್ಟಿದೆ. ಆಮೇಲೂ ಬಂದೂಕು ಕೆಳಗಿಡ್ಲಿಲ್ಲ ಚಾಚಿ ಅವ್ನು. ಹೋಗ್ಬಿಟ್ಟ."

ಬಾಗಿಲ ಹಿಂದೆ ರಿಸಾಲೋ ಚೌಕಟ್ಟು ಹಿಡಿದು ನಿಂತಿದ್ದಳು. ಇವನ ಮಾತು ನಿಜವಾದರೆ ಮಗ ಸತ್ತ. ಇವನು ಸುಳ್ಳುಗಾರನಾದರೆ ಮಗ ಎಲ್ಲೋ ಚೀನಾದ ಸೆರೆಮನೆಯಲ್ಲಿ ಅನ್ನವೋ ಗಂಜಿಯೋ ತಿಂದುಕೊಂಡು ಇದ್ದಾನೆ, ಒಂದು ದಿನ ಬರುತ್ತಾನೆ. ಆ ಗಳಿಗೆಯಲ್ಲಿ ಆ ತಾಯಿಗೆ ಬೇಕಾಗಿದ್ದದ್ದು ಒಬ್ಬ ಸುಳ್ಳುಗಾರ. ಗಂಡಸರ ನಡುವೆ ಎಂದೂ ಕಾಲಿಡದವಳು ಮುಸುಕು ಎಳೆದುಕೊಂಡು ಹೊರಗೆ ಬಂದಳು. ಖೂಬರಾಮನ ಬಾಯಿಯ ಹತ್ತಿರ ಬಂದಿದ್ದ ಕೊಳವೆಯನ್ನು ಹಿಡಿದು ಶಿಯೋಚಂದನ ಕಡೆ ತಿರುಗಿಸಿದಳು.

"ನನ್ನ ಮನೆ ಹುಕ್ಕಾ ಓಡಿ ಬಂದವ್ರಿಗಲ್ಲ. ಎದ್ದೇಳು."

ಅವನು ಎದ್ದ. ಊರಿಗೆ ಅಷ್ಟು ಸಾಕಾಗಿತ್ತು. ಅವನ ಹೆಂಡತಿ ನೀರಿಗೆ ಬಂದರೆ ಉಳಿದ ಹೆಂಗಸರು ಬಾವಿಯ ಹಗ್ಗ ಮೇಲೆಳೆದುಕೊಳ್ಳುತ್ತಿದ್ದರು. ಸೋಲಿನ ಸಿಟ್ಟನ್ನು ಊರು ದಿಲ್ಲಿಯ ಮೇಲೆ ತೀರಿಸಿಕೊಳ್ಳಲಾರದೆ ಒಬ್ಬ ಕುಂಟನ ಮೇಲೆ ತೀರಿಸಿಕೊಂಡಿತು. ಅದು ಸುಲಭ, ಹತ್ತಿರವೂ ಹೌದು.

ಬೇಸಿಗೆ ಶುರುವಾಗುವಾಗ ಖೂಬರಾಮನ ತಾಯಿ ಭರ್ಪಾಯಿ ತೀರಿಹೋದಳು. ರಿಸಾಲೋ ಮತ್ತು ಭರ್ಪಾಯಿ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು. ಒಂದೇ ಒಲೆಯಲ್ಲಿ ಸಜ್ಜೆ ರೊಟ್ಟಿ ಸುಟ್ಟವರು, ಅತ್ತೆಯರ ಕಣ್ಣು ತಪ್ಪಿಸಿ ಒಂದೇ ಹುಕ್ಕಾದಲ್ಲಿ ಮೊದಲ ದಮ್ಮು ಎಳೆದು ಒಟ್ಟಿಗೆ ಕೆಮ್ಮಿದವರು. ಚಟ್ಟಕ್ಕೆ ಹೆಗಲು ಕೊಡಲು ಊರಿನ ಒಬ್ಬನೂ ಬರಲಿಲ್ಲ. ಖೂಬರಾಮ ತಾಯಿಯನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ, ತಾನೇ ಎತ್ತು ಹಿಡಿದು ಸುಡುಗಾಡಿಗೆ ಕರೆದೊಯ್ದ. ಗಾಡಿ ರಿಸಾಲೋಳ ಮನೆಯ ಮುಂದೆಯೇ ಹಾದು ಹೋಯಿತು. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಒಂದು ಹೆಜ್ಜೆ ಇಳಿದರೆ ಮಗ ಸತ್ತನೆಂದು ಒಪ್ಪಿಕೊಂಡಂತೆ. ಬಾಗಿಲು ಹಾಕಿಕೊಂಡಳು.

ಗುಡ್ಡದ ಹಿಮ ಕರಗಿದ ಮೇಲೆ ಪಕ್ಕದ ಹಳ್ಳಿಯ ಸಿಪಾಯಿ ಲೇಖರಾಮ ರಜೆಗೆ ಬಂದ. ಹೆಣ ಹುಡುಕಲು ಮೇಲೆ ಹೋದ ತಂಡದಲ್ಲಿ ಅವನಿದ್ದ. ರಿಸಾಲೋಳ ಜಗುಲಿಗೆ ಬಂದು, ಹುಕ್ಕಾ ಮುಟ್ಟದೆ ನಿಂತೇ ಹೇಳಿದ.

"ಯಾರೂ ಓಡಿಲ್ಲ ಚಾಚಿ. ಕೂತಲ್ಲೇ ಹೆಪ್ಪುಗಟ್ಟಿ ಕೂತಿದ್ರು. ಜಗಮಾಲನ ಕೈಯಿಂದ ಬಂದೂಕು ಬಿಡಿಸೋಕೆ ನಮಗೆ ಆಗ್ಲಿಲ್ಲ. ತೊಡೆಗೆ ಯಾರೋ ಮಫ್ಲರು ಕಟ್ಟಿದ್ರು, ಕೆಂಪಂಚಿಂದು. ಹಾಗೇ ಚಿತೆಗಿಟ್ವಿ."

ಶಿಯೋಚಂದ ಕೆಮ್ಮಿ, ನೆಲ ನೋಡಿದ. ರಿಸಾಲೋ ಅಳಲಿಲ್ಲ. "ಕಟ್ಟಿದ್ದು ಯಾರೋ ಅಲ್ಲ," ಎಂದಳು, ಅಷ್ಟೇ.

ಮಗನ ಸೂತಕ ಕಳೆದ ಮೇಲೆ ಒಂದು ಸಂಜೆ ಅವಳು ಕೆಂಡ ತುಂಬಿದ ಹುಕ್ಕಾವನ್ನು ಎರಡೂ ಕೈಯಲ್ಲಿ ಹಿಡಿದು ನಡುಬೀದಿಯಲ್ಲಿ ನಡೆದಳು. ಹೆಂಗಸು ಹುಕ್ಕಾ ಹೊತ್ತು ಬೀದಿಗಿಳಿದದ್ದನ್ನು ಆ ಊರು ಕಂಡಿರಲಿಲ್ಲ. ಖೂಬರಾಮ ಅಂಗಳದಲ್ಲಿ ಮೊಂಡು ಬೆರಳುಗಳಲ್ಲಿ ಮಂಚದ ಹಗ್ಗ ಹೊಸೆಯುತ್ತಿದ್ದ.

"ಇಷ್ಟು ಭಾರ ಯಾಕೆ ಹೊತ್ಕೊಂಡು ಬಂದೆ ಚಾಚಿ? ಕೂತ್ಕೋ. ಮಜ್ಜಿಗೆ ಕುಡಿ."

"ಮಜ್ಜಿಗೆ ಇರ್ಲಿ. ನೀನು ಒಂದು ದಮ್ಮು ಎಳಿ ಮಗಾ."

"ಚಟ ಬಿಟ್ಟೋಯ್ತು."

"ಹಂಗಾದ್ರೆ ಬೈಯಿ. ಬಾಯಿಗೆ ಬಂದಂಗೆ ಬೈಯಿ. ನಿಂತು ಕೇಳ್ತೀನಿ."

ಅವನು ಹಗ್ಗ ಕೆಳಗಿಟ್ಟ. "ಏನಂತ ಬೈಲಿ? ಮಗ ಬದುಕಿರ್ಲಿ ಅಂತ ಯಾವ ತಾಯಿಗೆ ಆಸೆ ಇರಲ್ಲ? ನನ್ನ ವಿಷಯ ಬಿಡು ಚಾಚಿ, ಮರೆತೆ. ನಮ್ಮವ್ವ ಸಾಯೋ ಮುಂಚೆ ಕೇಳಿದ್ಲು, ರಿಸಾಲೋ ಬಂದ್ಲಾ ಅಂತ. ದಾರೀಲಿ ಇದ್ದಾಳವ್ವ ಅಂದೆ. ನನ್ನ ಜನ್ಮದಲ್ಲಿ ನಾನು ಹೇಳಿದ್ದು ಅದೊಂದೇ ಸುಳ್ಳು."

ಕೆಂಡ ಬೂದಿಯಾಗುವವರೆಗೆ ಅವಳು ಅಲ್ಲೇ ಕೂತಿದ್ದಳು. ಅವನ ಹೆಂಡತಿ ಮಜ್ಜಿಗೆ ತಂದುಕೊಟ್ಟಳು. ಕುಡಿದಳು. ಆರಿದ ಹುಕ್ಕಾ ಹೊತ್ತು ಮನೆಗೆ ಮರಳಿದಳು.

ಆಮೇಲೆ ಊರ ಮುಂದೆ ಕಲ್ಲು ನಿಂತಿತು, ಸತ್ತವರ ಹೆಸರು ಕೆತ್ತಿದ್ದು. ವರ್ಷಕ್ಕೊಮ್ಮೆ ಜೀಪಿನಲ್ಲಿ ಬಂದವರು ಹಾರ ಹಾಕಿ, ರಿಸಾಲೋಳಿಗೆ ಶಾಲು ಹೊದಿಸಿ ವೀರಮಾತೆ ಎನ್ನುವರು. ಶಿಯೋಚಂದ ಮೈಕಿನಲ್ಲಿ "ನಮ್ಮೂರ ಹುಲಿಗಳು" ಎಂದು ಗುಡುಗುವನು. ಖೂಬರಾಮನೂ ಬರುತ್ತಿದ್ದ. ಜಗಮಾಲನ ಹೆಸರನ್ನು ಮೊಂಡು ಬೆರಳಿನಿಂದ ಸವರಿ, ಭಾಷಣ ಶುರುವಾಗುವ ಮುಂಚೆ ಕುಂಟುತ್ತಾ ಹೊರಟುಹೋಗುತ್ತಿದ್ದ. ಒಂದು ವರ್ಷ ರಿಸಾಲೋ ಶಾಲು ತೆಗೆದುಕೊಂಡು ಅವನ ಹಿಂದೆ ಓಡಿದಳು. ಮುದುಕಿಯ ಓಟ ಕುಂಟನ ನಡಿಗೆಯನ್ನು ಹಿಡಿಯಲಿಲ್ಲ. ಬಹುಶಃ ಅವನಿಗೂ ನಿಲ್ಲುವ ಮನಸ್ಸಿರಲಿಲ್ಲ.

ಖೂಬರಾಮ ಅವಳಿಗಿಂತ ಮುಂಚೆ ಹೋದ. ಈ ಸಲ ಚಟ್ಟಕ್ಕೆ ಹೆಗಲು ಕೊಡಲು ಊರೆಲ್ಲ ನೂಕಾಡಿತು. ಸಾವಿನ ಮನೆಯಲ್ಲಿ ಗಂಡಸರು ಹುಕ್ಕಾ ಸುತ್ತ ಕೂರುವುದು ಅಲ್ಲಿಯ ರೀತಿ. ರಿಸಾಲೋ ತನ್ನ ಹಿತ್ತಾಳೆ ಹುಕ್ಕಾವನ್ನೇ ಅಲ್ಲಿಗೆ ತಂದಿಟ್ಟು, ತಿಥಿಯವರೆಗೂ ತಾನೇ ಕೆಂಡ ಹಾಕಿದಳು. ಅವನ ಅಂಗಳದಲ್ಲಿ ಎಲ್ಲರೂ ಸೇದಿದರು, ಅವನನ್ನು ಬಾಯಿತುಂಬ ಹೊಗಳಿದರು.

ಯಾರೋ ಕೊಳವೆಯನ್ನು ಅವಳ ಕಡೆ ತಿರುಗಿಸಿದರು. "ಒಂದು ದಮ್ಮು ಎಳಿ ಚಾಚಿ. ಬೆಳಗ್ಗೆಯಿಂದ ಹೊಗೇಲೇ ಕೂತಿದ್ದೀಯ."

ಅವಳು ಕೊಳವೆಯನ್ನು ತನ್ನ ಮುಂದಿನಿಂದ ಸರಿಸಿ ಪಕ್ಕದವನಿಗೆ ದಾಟಿಸಿದಳು. ಮಜ್ಜಿಗೆ ಕುಡಿದ ಆ ಸಂಜೆ ಭರ್ಪಾಯಿಯ ಇದೇ ಅಂಗಳದಿಂದ ಆರಿದ ಹುಕ್ಕಾ ಹೊತ್ತು ಮರಳಿದ ಮೇಲೆ ಅವಳು ಸೇದಿರಲೇ ಇಲ್ಲ. ಅದು ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಕೆಂಡ ಕಡಿಮೆಯಾಗಿದೆ ಎಂದು ಹೇಳಿ ಅವಳು ಬೆರಣಿ ತರಲು ಎದ್ದಳು.