ಕಾಲು ಹಾರ್ಮೋನಿಯಮ್ಮಿನೊಳಗಿನ ಟಕ್ ಸದ್ದು

ಕಾರ್ತಿಕ ಶುದ್ಧ ಪಂಚಮಿ, ಭಾನುವಾರ. ಬರೆಯಲು ಕುಳಿತದ್ದು ಬೆಳಗ್ಗೆ ಹತ್ತೂಕಾಲು ಗಂಟೆಗೆ. ಮೇಜಿನ ಮೇಲೆ, ಮಸಿದೌತಿಯ ಪಕ್ಕದಲ್ಲಿ, ಒಂದು ಬೆಟ್ಟಡಿಕೆ ಇದೆ. ಒಂದು ಮಗ್ಗುಲಲ್ಲಿ ಕುಂಕುಮ ಒಣಗಿ ಕಪ್ಪಾಗಿದೆ, ಇನ್ನೊಂದು ಮಗ್ಗುಲು ಪೆಟ್ಟು ತಿಂದು ನುಣುಪಾಗಿದೆ. ಅದು ಇಲ್ಲಿಗೆ ಬಂದ ಬಗೆಯನ್ನು ಹೇಳಬೇಕಾದರೆ, ಓದುಗ ಮಿತ್ರರೇ, ಮೂರು ವಾರ ನಾನು ಒಬ್ಬ ಮನುಷ್ಯನನ್ನು ಅನುಮಾನಿಸಿದ ಕಥೆಯಿಂದಲೇ ಮೊದಲಾಗಬೇಕು.

ನಮ್ಮ ಅಜ್ಜಂಪುರದ ಭಜನೆ ಮನೆಯಲ್ಲಿ ಒಂದು ಕಾಲು ಹಾರ್ಮೋನಿಯಂ ಇದೆ. ಎರಡು ಪೆಡಲುಗಳನ್ನು ಒಂದಾದ ಮೇಲೊಂದರಂತೆ ತುಳಿದರೆ ಪೆಟ್ಟಿಗೆಯೊಳಗಿನ ತಿದಿ ಉಸಿರಾಡುತ್ತದೆ. ನುಡಿಸುವವನ ಎರಡು ಕೈಗಳೂ ಬಿಡುವಾಗಿರುತ್ತವೆ. ತಿದಿಯ ಚರ್ಮ ಹರಿದಾಗ ಅದನ್ನು ರೈಲಿಗೆ ಹಾಕಿ, ಬೀರೂರಿನಲ್ಲಿ ಗಾಡಿ ಬದಲಾಯಿಸಿ, ತರೀಕೆರೆಯ ಗಫೂರ್ ಸಾಬರಲ್ಲಿ ಬಿಟ್ಟುಬಂದವನು ನಾನೇ. ಗಡಿಯಾರ, ಛತ್ರಿ, ಹೊಲಿಗೆ ಯಂತ್ರ, ಕೆಟ್ಟದ್ದೇನಿದ್ದರೂ ಆ ಸೀಮೆಯವರು ಹೊತ್ತುಕೊಂಡು ಹೋಗುವುದು ಅವರ ಅಂಗಡಿಗೆ. ಮಹಾನವಮಿಯ ಬೆಳಗ್ಗೆ ವಾದ್ಯ ಹಿಂದಕ್ಕೆ ಬಂತು. ಆಯುಧಪೂಜೆಯ ದಿನ ನುಡಿಸಬಾರದೆಂದು ಮುಟ್ಟದೆ, ಅದರ ನೆತ್ತಿಯ ಮೇಲೆ ಎಲೆಯಿಟ್ಟು, ಅಡಿಕೆಯನ್ನೇ ಗಣಪತಿಯೆಂದು ಕೂರಿಸಿ ಪೂಜೆ ಮಾಡಿದೆ.

ಮೊದಲ ಶನಿವಾರದ ಭಜನೆಯಲ್ಲೇ ಸದ್ದು ಕೇಳಿಸಿತು. ಎಡ ಪೆಡಲು ತುಳಿದಾಗಲೆಲ್ಲ ಅಲ್ಲ, ಜೋರಾಗಿ ತುಳಿದಾಗ ಮಾತ್ರ, ಒಳಗೆಲ್ಲೋ ಟಕ್. ನಾನು ಸ್ಟೇಷನ್ನಿನ ಗೂಡ್ಸ್ ಷೆಡ್ಡಿನಲ್ಲಿ ಪಟ್ಟಿ ಬರೆಯುವವನು, ಬರೆದಿಟ್ಟದ್ದನ್ನೇ ನಂಬುವವನು. ದಿನಚರಿಯಲ್ಲಿ ಗೆರೆ ಎಳೆದೆ: ತಾರೀಖು, ಗಂಟೆ, ಹವೆ ಒಣಗಿತ್ತೋ ತೇವವಾಗಿತ್ತೋ, ಯಾವ ಹಾಡು, ಎಷ್ಟು ಟಕ್. ಮೂರು ಶನಿವಾರಗಳಿಗೆ ನೂರ ಹದಿನೇಳು. ನಮ್ಮಲ್ಲಿ ತಾಳ ಹಾಕುವ ರುದ್ರಪ್ಪನವರು, ತೆಂಗಿನ ತೋಟದ ಯಜಮಾನರು, ಎಲ್ಲರೆದುರೇ ಅಂದರು: "ಏನಪ್ಪಾ, ದೇವ್ರ ಹೆಸ್ರು ಹೇಳ್ತೀಯೋ, ಟಕ್ ಎಣಿಸ್ತೀಯೋ? ನನ್ ತಾಳಾನೂ ಅದ್ರಲ್ಲಿ ಸೇರಿಸ್ಬಿಟ್ಟೀಯ ಕಣೋ!"

ನಗಲಾಗಲಿಲ್ಲ. ಸಾಬರ ಅಂಗಡಿಯಲ್ಲಿ ಬಿಚ್ಚಿ ಹಾಕಿದ್ದ ಹೊಲಿಗೆ ಯಂತ್ರವೊಂದು ಕಣ್ಣ ಮುಂದೆ ಬಂತು. ನಮ್ಮ ವಾದ್ಯದ ತಿದಿಯನ್ನು ಉಬ್ಬಿಸುವ ಒಳ್ಳೆಯ ಸ್ಪ್ರಿಂಗನ್ನು ಇಟ್ಟುಕೊಂಡು ಆ ಯಂತ್ರದ್ದನ್ನು ಇದಕ್ಕೆ ಸಿಕ್ಕಿಸಿದ್ದಾರೆಂದು ಒಮ್ಮೆ ತೋರಿತು. ತೋರಿದ ಮೇಲೆ ಎಲ್ಲವೂ ಅದಕ್ಕೇ ಸಾಕ್ಷಿ ಹೇಳತೊಡಗಿತು. ಹರಿದ ಹಳೆಯ ಚರ್ಮವನ್ನು ಪೊಟ್ಟಣ ಕಟ್ಟಿ ಅವರು ವಾದ್ಯದ ಜೊತೆಗೇ ಕಳಿಸಿದ್ದರು. ಬೇರೆ ದಿನವಾಗಿದ್ದರೆ ಇದನ್ನು ಪ್ರಾಮಾಣಿಕತೆ ಎನ್ನುತ್ತಿದ್ದೆ. ಈಗ ಕಣ್ಣಿಗೆ ಮಣ್ಣೆರಚುವ ಉಪಾಯವೆನಿಸಿತು. ಅನುಮಾನಕ್ಕೆ ಹಸಿವು ಬಹಳ, ಆದರೆ ರುಚಿಭೇದವಿಲ್ಲ: ಮಾತಾಡಿದರೆ ಮರೆಸುತ್ತಿದ್ದಾರೆ, ಸುಮ್ಮನಿದ್ದರೆ ಬಚ್ಚಿಡುತ್ತಿದ್ದಾರೆ. ನಾಳೆ ಅವರು ಬಂದು ಒಳಗಿನದನ್ನು ಬದಲಾಯಿಸಬಾರದೆಂದು ಗೂಡ್ಸ್ ವ್ಯಾಗನ್ನಿಗೆ ಮೊಹರು ಹಾಕುವಂತೆ ಹಿಂಬದಿಯ ಹಲಗೆಗೆ ಕಾಗದದ ಪಟ್ಟಿ ಅಂಟಿಸಿ ರುಜು ಹಾಕಿದೆ. ಚೌಳಹಿರಿಯೂರಿನ ಮೇಷ್ಟರು ತಮ್ಮ ಹಾರ್ಮೋನಿಯಮ್ಮನ್ನು ರಿಪೇರಿಗೆ ಕೊಡುವವರಿದ್ದರು. ಅವರಿಗೊಂದು ಕಾರ್ಡು ಬರೆದೆ: ತರೀಕೆರೆಗೆ ಕೊಡಬೇಡಿ, ಕೈ ಶುದ್ಧವಿಲ್ಲ.

ನಿನ್ನೆ ಮಧ್ಯಾಹ್ನದ ಗಾಡಿಗೆ ಗಫೂರ್ ಸಾಬರೇ ಬಂದಿಳಿದರು.

"ಚೌಳಹಿರಿಯೂರ್ ಮೇಷ್ಟ್ರು ನಿಮ್ ಕಾರ್ಡ್ ತೋರ್ಸಿ, ಪೆಟ್ಟಿಗೆ ಕೊಡಲ್ಲ ಅಂದ್ಬಿಟ್ರು ಸ್ವಾಮಿ. ಕಡೂರ್ನಲ್ಲೂ ಇಬ್ರು ಹಂಗೇ ಅಂದ್ರು. ನಾನ್ ಮಾಡಿದ್ ಮೋಸ ಯಾವ್ದು, ತೋರ್ಸಿ."

ಭಜನೆ ಮನೆಗೆ ಕರೆದುಕೊಂಡು ಹೋದೆ. ರುದ್ರಪ್ಪನವರೂ ಬಂದರು. ಸಾಬರು ಕಾಗದದ ಪಟ್ಟಿಯನ್ನು ನೋಡಿದರು.

"ಇದ್ ಯಾರ್ ಅಂಟ್ಸಿದ್ದು?"

"ನಾನೇ."

"ಅಂದ್ರೆ ಒಳಗೆ ನೋಡೇ ಇಲ್ಲ ನೀವು."

ನನ್ನ ಕೈಯಿಂದಲೇ ಪಟ್ಟಿ ಕೀಳಿಸಿ ಹಲಗೆ ಬಿಚ್ಚಿದರು. ಸ್ಪ್ರಿಂಗುಗಳೆರಡೂ ಒಂದೇ ಜಾತಿಯವು, ಒಂದೇ ಪ್ರಾಯದವು. ಅವುಗಳ ಕೆಳಗೆ, ತಿದಿ ಉಬ್ಬಿದಾಗ ತಾಗುವ ಮೂಲೆಯಲ್ಲಿ, ಕುಂಕುಮ ಮೆತ್ತಿದ ಅಡಿಕೆ ಬಿದ್ದಿತ್ತು. ಸಾಬರು ಅದನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟರು.

"ನಿಮ್ ಗಣಪ್ತಿ ಸ್ವಾಮಿ. ಮೇಲಿನ ಸಂದಿಯಿಂದ ಜಾರವ್ನೆ."

ರುದ್ರಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಸಾಬರು ನಗಲಿಲ್ಲ. ನಾನು ತಪ್ಪಾಯಿತೆಂದೆ. "ನಂಗ್ ಹೇಳಿ ಏನ್ ಬಂತು? ಅವ್ರಿಗ್ ಹೇಳಿ," ಎಂದು ಹಲಗೆ ಬಿಗಿದು, ಸಂಜೆಯ ಗಾಡಿಗೆ ಹೊರಟುಹೋದರು.

ದಿನಚರಿ ತಿರುವಿದೆ. ವಿಜಯದಶಮಿಯ ಪುಟದಲ್ಲಿ ನನ್ನದೇ ಅಕ್ಷರ: "ಗಣಪತಿಯನ್ನು ಕದಲಿಸಲು ಹೋದರೆ ಅಡಿಕೆ ಇಲ್ಲ. ಇಲಿ ಒಯ್ದಿರಬೇಕು." ಅಂದು ಇಲಿಯನ್ನು ಅನುಮಾನಿಸಿದೆ, ಆಮೇಲೆ ಮನುಷ್ಯನನ್ನು. ಹವೆಗೆ ಒಂದು ಕಾಲಂ ಇತ್ತು, ಹಾಡಿಗೆ ಒಂದು ಇತ್ತು. ಪೂಜೆ ಮಾಡಿದ ಕೈ ಮಾತ್ರ ಯಾವ ಕಾಲಮ್ಮಿಗೂ ಸೇರಿರಲಿಲ್ಲ. ದೇವರ ಕೆಲಸವೂ ಯಂತ್ರವನ್ನು ಮುಟ್ಟಿದಂತೆಯೇ ಎಂದು ನನಗೆ ಹೊಳೆದಿರಲೇ ಇಲ್ಲ.

ಈಗ ವಾದ್ಯ ನಿಶ್ಶಬ್ದವಾಗಿದೆ. ನಾನು ಹೊರಗೆ ಬಿಟ್ಟ ಸದ್ದು ಮಾತ್ರ ನಿಂತಿಲ್ಲ. ಚೌಳಹಿರಿಯೂರಿಗೆ ಇಂದು ಬೆಳಗ್ಗೆಯೇ ಎರಡನೆಯ ಕಾರ್ಡು ಹಾಕಿದೆ. ಕಡೂರಿಗೆ ನಾನು ಬರೆದೇ ಇರಲಿಲ್ಲ. ಮಾತು ತಾನೇ ನಡೆದುಹೋಗಿದೆ, ಸಖರಾಯಪಟ್ಟಣವನ್ನೂ ಮುಟ್ಟಿರಬಹುದು. ಆದ್ದರಿಂದ ಇದನ್ನು ಓದುವವರಲ್ಲಿ ಬೇಡಿಕೊಳ್ಳುತ್ತೇನೆ: ತರೀಕೆರೆಯ ಗಫೂರ್ ಸಾಬರ ಕೈಯ ಬಗ್ಗೆ ಯಾರಾದರೂ ಏನಾದರೂ ಕೇಳಿದ್ದರೆ, ಯಾರ ಬಾಯಿಂದ, ಯಾವ ಊರಿನಲ್ಲಿ ಎಂದು ಒಂದು ಕಾರ್ಡು ಹಾಕಿ ತಿಳಿಸಿ. ಆ ಮನೆಗೆ ನಾನೇ ಬರುತ್ತೇನೆ, ಈ ಅಡಿಕೆಯನ್ನು ಜೇಬಿನಲ್ಲಿಟ್ಟುಕೊಂಡು.