ಮೊಬೈಲಿನ ಸೆಕೆಯೂ ಅಕ್ಕನ ಸೆಕೆಯೂ

ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸುವುದು ಬೇಡ. ನನ್ನ ಅಕ್ಕ ಸೆಕೆ ತಡೆಯಲಾಗುವುದಿಲ್ಲ ಎಂದಾಗ ನಾನು ನಂಬಲಿಲ್ಲ. ಏನಾಗುತ್ತಿದೆ ಎಂದು ಒಂದು ಮಾತು ಕೇಳಲಿಲ್ಲ. ಕೇಳುವ ಬದಲು ಕಿಸೆಯಿಂದ ಮೊಬೈಲು ತೆಗೆದು ತೋರಿಸಿದೆ.

ಇದು ಇವತ್ತು ನೆನಪಾದದ್ದು ಬೆಳಗಿನ ಚಹಾ ಹೊತ್ತಿನಲ್ಲಿ. ಉಪ್ಪುಂದದ ರಾಜುವಿನ ಗೂಡಂಗಡಿಯಲ್ಲಿ ನಾವು ನಾಲ್ಕೈದು ಜನ ಕೂತಿದ್ದೆವು. ಒಬ್ಬನ ಮೊಬೈಲು ಗುಂಯ್ ಎಂದಿತು, ಅದರ ಹಿಂದೆ ಇನ್ನೊಬ್ಬನದು, ಕಡೆಗೆ ನನ್ನದು. ತೆಗೆದು ನೋಡಿದರೆ ಕುಂದಾಪುರದಲ್ಲಿ ಇವತ್ತು ವಾಡಿಕೆಗಿಂತ ಹೆಚ್ಚು ಬಿಸಿ ಎಂಬ ಸಮಾಚಾರ. ರಾಜು ಬೈರಾಸಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ಓ, ನಾನ್ ಬೆವ್ರುದ್ ಎಂತಕಂದೇಳಿ ಈಗ ಗೊತ್ತಾಯ್ತ್ ಕಾಣಿ" ಎಂದ. ಎಲ್ಲರೂ ನಕ್ಕರು. ನಾನು ಅರ್ಧ ಲೋಟ ಚಹಾ ಹಾಗೇ ಕೆಳಗಿಟ್ಟೆ.

ನಾನು ಸಂಶಯದ ಮನುಷ್ಯ. ಮೀನಿನ ವ್ಯಾಪಾರ ಮಾಡುವವನಿಗೆ ಅದು ಬೇಕಾಗುತ್ತದೆ. ಕಿವಿರು ಎತ್ತಿ ನೋಡದೆ ಬಂಗುಡೆ ಕೊಳ್ಳುವವನು ಹೆಚ್ಚು ದಿನ ವ್ಯಾಪಾರ ಮಾಡಲಾರ. ಆದರೆ ನನ್ನ ಸಂಶಯ ಮೀನಿಗೆ ನಿಲ್ಲುವುದಿಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೂ ನನಗೆ ಸಂಶಯ, ಹಿಂದಿನ ಬಸ್ಸೇ ಈಗ ಬಂದಿರಬೇಕು ಎಂದು. ಓದಿದ್ದು ಏಳನೆಯವರೆಗೆ. ಅದರಲ್ಲೂ ಮೇಷ್ಟ್ರು ಭೂಮಿ ತಿರುಗುತ್ತದೆ ಎಂದ ದಿನ ಮನೆಗೆ ಬಂದು ಅಂಗಳದಲ್ಲಿ ಗೂಟ ಹುಗಿದು ನೋಡುತ್ತ ಕೂತವನು. ಆವತ್ತು ಪಕ್ಕದಲ್ಲಿ ಕೂತು, ಗೂಟ ಅಲುಗಿದಂತೆ ಕಾಣುತ್ತದೆ ಎಂದು ಸುಳ್ಳು ಸಮಾಧಾನ ಹೇಳಿದವಳು ಅಕ್ಕ.

ಮೊಬೈಲಿಗೆ ಈ ಹವೆಯ ವ್ಯವಸ್ಥೆ ಹಾಕಿಕೊಟ್ಟವನೂ ರಾಜುವೇ. ಇವತ್ತಿನ ಬಿಸಿ ಎಷ್ಟು, ಇದೇ ದಿನ ಹಿಂದಿನ ವರ್ಷಗಳಲ್ಲಿ ಎಷ್ಟಿತ್ತು, ಅತಿ ಹೆಚ್ಚು ಎಷ್ಟು, ಅತಿ ಕಡಿಮೆ ಎಷ್ಟು, ಎಲ್ಲ ಅದರಲ್ಲಿತ್ತು. ಹಳೆಯದೆಲ್ಲ ಒಂದು ನೀಲಿ ಪಟ್ಟಿ, ಇವತ್ತಿನದು ಒಂದು ಕೆಂಪು ಚುಕ್ಕೆ. ಚುಕ್ಕೆ ಪಟ್ಟಿಯ ಒಳಗಿದ್ದರೆ ವಾಡಿಕೆ, ಹೊರಗೆ ಹಾರಿದರೆ ಸುದ್ದಿ. ನಾನು ಹುಟ್ಟುವ ಮುಂಚಿನ ಬೇಸಿಗೆಗಳೂ ಅದರಲ್ಲಿದ್ದವು. ಆ ಕಾಲದಲ್ಲಿ ಕುಂದಾಪುರದ ಬಿಸಿಯನ್ನು ಯಾರು, ಯಾರ ಮನೆ ಗೋಡೆಯ ಮೇಲೆ ಅಳೆದರು ಎಂದು ನಾನು ಕೇಳಿದೆ. ಬ್ರಿಟಿಷರು ಅಳೆದಿಟ್ಟು ಹೋಗಿದ್ದಾರಂತೆ ಎಂದ ರಾಜು. ಅವನಿಗೂ ಗೊತ್ತಿರಲಿಲ್ಲ, ಆದರೆ ಅಂಗಡಿ ಇಟ್ಟವನು ಗೊತ್ತಿಲ್ಲ ಎನ್ನುವುದು ಕಷ್ಟ.

ನಾನು ಪರೀಕ್ಷೆಗೆ ಇಳಿದೆ. ಮೊಬೈಲನ್ನು ನಡು ಹಗಲು ಟೆಂಪೋದ ಬಾನೆಟ್ಟಿನ ಮೇಲಿಟ್ಟೆ. ಮೂವತ್ನಾಲ್ಕು ಎಂದಿತು. ತೆಗೆದು ಮೀನಿನ ಐಸ್ ಪೆಟ್ಟಿಗೆಯ ಮೇಲಿಟ್ಟೆ. ಆಗಲೂ ಮೂವತ್ನಾಲ್ಕು. ಹೆಂಡತಿಯ ತವರು ಬಾರ್ಕೂರಿಗೆ ಹೋದವನು ಬ್ರಹ್ಮಾವರದಲ್ಲಿ ಬಸ್ಸು ಹತ್ತಿ ಬೈಂದೂರಿನವರೆಗೆ ಊರು ಊರಿಗೂ ತೆಗೆದು ನೋಡುತ್ತ ಬಂದೆ. ತಲ್ಲೂರಿನಲ್ಲಿ ಒಂದು ಡಿಗ್ರಿ ಏರಿತು. ಕಿಟಕಿಯಿಂದ ಕೈ ಹೊರಗೆ ಹಾಕಿ ನೋಡಿದೆ, ನನಗೇನೂ ವ್ಯತ್ಯಾಸ ತಿಳಿಯಲಿಲ್ಲ. ಕೈ ಒಳಗೆ ಹಾಕಿ ಎಂದು ಕಂಡಕ್ಟರು ಬೈದ. ಇದು ಎಲ್ಲೋ ಕೂತು ಬಾಯಿಗೆ ಬಂದದ್ದು ಹೇಳುವ ಯಂತ್ರ ಎಂದು ಅಂದೇ ತೀರ್ಮಾನ ಮಾಡಿದ್ದೆ. ಹಾಗೆ ತೀರ್ಮಾನ ಮಾಡಿದವನೇ ಅಕ್ಕನ ಎದುರು ಅದನ್ನು ಸಾಕ್ಷಿಗೆ ನಿಲ್ಲಿಸಿದೆ. ನನ್ನ ಕಡೆ ಮಾತಾಡುವ ಯಂತ್ರದ ಮೇಲೆ ನನಗೆ ಸಂಶಯ ಬರಲಿಲ್ಲ.

ಅಕ್ಕ ನನಗಿಂತ ಏಳೆಂಟು ವರ್ಷ ದೊಡ್ಡವಳು. ಮನೆ ನಮ್ಮ ಮನೆಯ ಪಕ್ಕದಲ್ಲೇ. ಭಾವ ಮಲ್ಪೆಯ ಬೋಟಿಗೆ ಹೋಗುತ್ತಾರೆ, ತಿಂಗಳಿಗೊಮ್ಮೆ ಮುಖ ಕಂಡರೆ ಹೆಚ್ಚು. ಒಣಮೀನಿನ ಕೆಲಸ ನಮ್ಮಿಬ್ಬರದು. ಉಪ್ಪು ಹಾಕುವುದು, ಒಣಗಿಸುವುದು ಅವಳು; ಬೈಂದೂರಿಗೆ, ಕುಂದಾಪುರದ ಶನಿವಾರದ ಸಂತೆಗೆ ಒಯ್ದು ಮಾರುವುದು ನಾನು. ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲವಲ್ಲ, ಹಾಗಾಗಿ ಮಳೆಗೆ ಮುಂಚೆ ಎಲ್ಲ ಮನೆಯವರೂ ಒಣಮೀನು ಕೂಡಿಡುತ್ತಾರೆ. ನಮ್ಮ ವ್ಯಾಪಾರ ಜೋರಾಗುವುದೂ, ಮೀನು ಒಣಹಾಕುವ ಕಡಲ ದಡದ ಹೊಯಿಗೆ, ಅಂದರೆ ಮರಳು, ಕಾದು ಕೆಂಡವಾಗುವುದೂ ಒಂದೇ ತಿಂಗಳುಗಳಲ್ಲಿ.

ಒಣಗಿಸುವ ಕೆಲಸದಲ್ಲಿ ಮುಖ್ಯವಾದದ್ದು ಮಧ್ಯಾಹ್ನದ ಮಗುಚು. ಬೆಳಿಗ್ಗೆ ಬಲೆಯ ಮೇಲೆ ಹರಡಿದ ಮೀನನ್ನು ಸೂರ್ಯ ನೆತ್ತಿಗೆ ಬಂದಾಗ ಒಂದೊಂದಾಗಿ ತಿರುಗಿಸಿ ಹಾಕಬೇಕು. ತಪ್ಪಿದರೆ ಮೇಲೆ ಒಣಗಿ ಅಡಿ ಹಸಿಯಾಗಿ ಉಳಿಯುತ್ತದೆ. ಕೊಂಡವರ ಮನೆಯಲ್ಲಿ ನಾಲ್ಕು ದಿನಕ್ಕೆ ನಾತ ಬರುತ್ತದೆ. ಹೋದ ಬೇಸಿಗೆಯಲ್ಲಿ ಸಂತೆಗೆ ಬಂದ ಒಬ್ಬ ಹೆಂಗಸು ಕೊಂಡುಹೋದ ನಂಗು ಮೀನನ್ನು ಪೊಟ್ಟಣ ಸಮೇತ ತಂದು ನನ್ನ ಮೂಗಿಗೆ ಹಿಡಿದಳು. ಎಲ್ಲರೆದುರು ಹಿಡಿದಳು. ನಾನು ಸೀದಾ ಬಂದು ಅಕ್ಕಪಕ್ಕದವರಲ್ಲಿ ವಿಚಾರಿಸಿದೆ. ಅಕ್ಕ ಮಧ್ಯಾಹ್ನ ಕೆಲಸ ಬಿಟ್ಟು ಮನೆಗೆ ಬಂದು ಹೋಗುತ್ತಾಳೆ ಎಂದು ತಿಳಿಯಿತು. ಒಮ್ಮೆ ಬಂದರೆ ಬೇಗ ಹಿಂತಿರುಗುವುದಿಲ್ಲ ಎಂದೂ ತಿಳಿಯಿತು.

ನೀವಾದರೆ ಏನು ತಿಳಿಯುತ್ತಿದ್ದಿರೋ. ನನಗೆ ಬಂದದ್ದು ಇಷ್ಟು: ಧಾರಾವಾಹಿ ನೋಡುತ್ತಾಳೆ, ಇಲ್ಲವಾದರೆ ನಿದ್ದೆ ಮಾಡುತ್ತಾಳೆ, ಅದೂ ಅಲ್ಲದಿದ್ದರೆ ಬೇರೆಯವರ ಮೀನಿಗೂ ಉಪ್ಪು ಹಾಕಿಕೊಡುತ್ತಿದ್ದಾಳೆ. ಮೂರನೆಯದಂತೂ ನನ್ನ ತಲೆಯಲ್ಲಿ ಬಹಳ ಬೆಳೆಯಿತು. ಕೇಳಿದಾಗ ಅವಳು ಹೇಳಿದ್ದು ಒಂದೇ, ಈಗಿನ ಸೆಕೆ ಮುಂಚಿನ ಹಾಗಲ್ಲ, ನಡುವೆ ಒಮ್ಮೆ ಮನೆಗೆ ಬರದೆ ಆಗುವುದಿಲ್ಲ ಎಂದು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಮುಖ ನೋಡದೆ ಹೇಳಿದ ಮಾತನ್ನು ನಾನು ಸುಳ್ಳಿನ ಲೆಕ್ಕಕ್ಕೆ ಹಾಕಿದೆ.

ಆಗ ತೋರಿಸಿದ್ದು ಮೊಬೈಲು. ದಡದಲ್ಲಿ ಮೀನು ಹರಡುವ ಬೇರೆ ಹೆಂಗಸರೂ ಅಲ್ಲೇ ಇದ್ದರು. ಕೆಂಪು ಚುಕ್ಕೆ ಆವತ್ತು ನೀಲಿ ಪಟ್ಟಿಯ ಒಳಗೇ ಇತ್ತು. "ಕಾಣ್ ಅಕ್ಕ, ನೀನ್ ಲಂಗ ಹಾಕಂಡ್ ತಿರ್ಗುವತಿಗೂ ಇಷ್ಟೇ ಸೆಕೆ ಇದ್ದಿತ್ತ್" ಎಂದೆ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಅಕ್ಕ ಬಗ್ಗಿ ಆ ಚುಕ್ಕೆಯನ್ನು ನೋಡಿದಳು. "ಹಂಗಾರೆ ನಾಳೆಯಿಂದ ಮೀನ್ ಮಗ್ಚೂಕೆ ನಿನ್ ಮೊಬೈಲನ್ನೇ ಕಳ್ಸ್" ಎಂದು ತಿರುಗಿ ಕೆಲಸಕ್ಕೆ ಬಗ್ಗಿದಳು. ಈಗ ನಗು ನನ್ನ ಮೇಲೆ ಬಿತ್ತು. ಆದರೂ ಗೆದ್ದೆ ಎಂದೇ ನನಗನ್ನಿಸಿತು. ಯಾಕೆಂದರೆ ಮರುದಿನದಿಂದ ಅವಳು ಮಧ್ಯಾಹ್ನ ಮನೆಗೆ ಬರುವುದನ್ನು ನಿಲ್ಲಿಸಿದಳು.

ಗೆದ್ದವನು ಸುಮ್ಮನಿರಬೇಕಿತ್ತು. ಒಳಗಿನ ಹುಳ ಬಿಡಲಿಲ್ಲ. ಒಂದು ದಿನ ಬೈಂದೂರಿಗೆ ಹೋಗುತ್ತೇನೆಂದು ಹೇಳಿ, ಟೆಂಪೋವನ್ನು ರಸ್ತೆಯಲ್ಲಿ ಬಿಟ್ಟು, ದಡದ ಮೇಲೆ ಎಳೆದಿಟ್ಟಿದ್ದ ದೋಣಿಯ ಮರೆಯಲ್ಲಿ ಕೂತೆ. ಐವತ್ತು ದಾಟಿದ ಗಂಡಸು ಒಡಹುಟ್ಟಿದ ಅಕ್ಕನನ್ನು ಕದ್ದು ನೋಡುತ್ತ ಕೂರುವುದು ಎಂಥ ಚಂದ ಎಂದು ನೀವು ನಗಬಹುದು. ಒಂದು ನಾಯಿ ಬಂದು ನನ್ನನ್ನು ನೋಡಿ, ಏನೋ ತಿಳಿದವರಂತೆ ಹೋಯಿತು. ಅಕ್ಕ ಕುಕ್ಕರಗಾಲಿನಲ್ಲಿ ಕೂತು ಮೀನು ಮಗುಚುತ್ತಿದ್ದಳು. ಬೇರೆ ಯಾರ ಮೀನೂ ಅಲ್ಲ, ನಮ್ಮದೇ. ನಡುನಡುವೆ ಎದ್ದು, ಸೊಂಟ ಹಿಡಿದು, ಸಮುದ್ರದ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ನನ್ನ ಹೆಂಡತಿ ತುಂಬಿಸಿ ಕೊಟ್ಟ ನೀರಿನ ಬಾಟಲಿ ಬುಟ್ಟಿಯ ನೆರಳಿನಲ್ಲಿತ್ತು. ಅದನ್ನು ಅವಳು ಮುಟ್ಟಲೇ ಇಲ್ಲ. ಹೊರಡುವಾಗ ಮುಚ್ಚಳ ತೆಗೆದು ಇಡೀ ನೀರನ್ನು ಹೊಯಿಗೆಗೆ ಸುರಿದು, ಖಾಲಿ ಬಾಟಲಿಯನ್ನು ಬುಟ್ಟಿಗೆ ಹಾಕಿಕೊಂಡಳು.

ಅದನ್ನು ನೋಡಿ ನಾನು ಏನೆಂದುಕೊಂಡೆ ಗೊತ್ತೇ? ಸಿಕ್ಕಿಬಿದ್ದಳು ಎಂದುಕೊಂಡೆ. ಬಾಯಾರಿಕೆಯೇ ಇಲ್ಲದವಳಿಗೆ ಎಲ್ಲಿಯ ಸೆಕೆ? ಮೊಬೈಲು ಸರಿ, ನಾನು ಸರಿ. ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದೆ.

ಅದಾಗಿ ಹೆಚ್ಚು ದಿನ ಕಳೆಯಲಿಲ್ಲ. ಸಂತೆಯಿಂದ ಬರುತ್ತಿದ್ದಾಗ ಫೋನು ಬಂತು. ಅಕ್ಕ ಬಲೆಯ ಮೇಲೆ, ಮೀನಿನ ಮೇಲೆ ಬಿದ್ದಿದ್ದಾಳೆ, ಮಾತಾಡುತ್ತಿಲ್ಲ ಎಂದು. ಒಣಮೀನು ತುಂಬುವ ಟೆಂಪೋದಲ್ಲೇ ಮಲಗಿಸಿ ಕುಂದಾಪುರದ ಆಸ್ಪತ್ರೆಗೆ ಒಯ್ದೆವು. ಮೈ ಮುಟ್ಟಿದರೆ ಸುಡುತ್ತಿತ್ತು, ಬೆವರು ಮಾತ್ರ ಇರಲಿಲ್ಲ. ಹೆದ್ದಾರಿಯುದ್ದಕ್ಕೂ ನಾನು ಅವಳ ಹೆಸರು ಕೂಗುತ್ತ ಗಾಡಿ ಓಡಿಸಿದೆ. ಅವಳ ಹೆಸರು ಹಿಡಿದು ನಾನು ಯಾವತ್ತೂ ಕರೆದವನಲ್ಲ, ಬಾಯಿಗೇ ಹೊಸದೆನ್ನಿಸಿತು.

ಡಾಕ್ಟರರು ಒಂದು ದಿನದ ಬಿಸಿಲಿನಿಂದ ಆದದ್ದಲ್ಲ ಎಂದರು. ಮೈಯಲ್ಲಿ ನೀರೇ ಇಲ್ಲ, ಮೂತ್ರದ ಸೋಂಕು ಮೇಲೆ ಹತ್ತಿದೆ, ಕಿಡ್ನಿಗೆ ಪೆಟ್ಟು ಬೀಳುವುದು ಸ್ವಲ್ಪದರಲ್ಲಿ ತಪ್ಪಿದೆ ಎಂದರು. ಮರುದಿನ ಅಕ್ಕನಿಗೆ ಪೂರ್ತಿ ಎಚ್ಚರವಾದಾಗ ನರ್ಸಮ್ಮ ಗ್ಲೂಕೋಸಿನ ಬಾಟಲಿ ಬದಲಾಯಿಸುತ್ತ, ಇಡೀ ದಿನ ಬಿಸಿಲಿನಲ್ಲಿ ಇರುವವರು ನೀರು ಯಾಕೆ ಕುಡಿಯುವುದಿಲ್ಲ ಎಂದು ಗದರಿಸಿದರು. ಅಕ್ಕ ನನ್ನ ಕಡೆ ನೋಡದೆ, ನರ್ಸಮ್ಮನಿಗೆ ಮಾತ್ರ ಕೇಳುವ ಹಾಗೆ ಹೇಳಿದಳು. "ಕುಡ್ದ್ರೆ ಎಲ್ಲಿಗ್ ಹೋಪುದ್, ಹೇಳಿ."

ನಾನು ಮಂಚದ ಕಾಲ ಬುಡದಲ್ಲೇ ನಿಂತಿದ್ದೆ. ನನಗೂ ಕೇಳಿತು.

ನಾನು ಸಣ್ಣವನಿದ್ದಾಗ ನಮ್ಮ ದಡದಲ್ಲಿ ಗಾಳಿ ಮರದ ತೋಪಿತ್ತು, ಅದರ ಹಿಂದೆ ಆಳೆತ್ತರದ ಮುಂಡುಗದ ಮುಳ್ಳುಪೊದೆ. ಹೆಂಗಸರು ಇಬ್ಬಿಬ್ಬರಾಗಿ ಅತ್ತ ಹೋಗಿ ಬರುವುದು ನಮಗೆ ಕಂಡೂ ಕಾಣದ ವಿಷಯ. ಕಡಲು ಕೊರೆದು ತೋಪು ಹೋಯಿತು, ಕಲ್ಲಿನ ತಡೆಗೋಡೆ ಬಂತು. ಗೋಡೆಯ ಮೇಲೆ ಈಗ ದಿನವಿಡೀ ಫೋಟೋ ತೆಗೆಯುವವರು. ಅಲ್ಲಿಂದ ಕಾಣದ ಮರೆ ಎಂಬುದು ಒಂದು ಚಾಪೆಯಗಲವೂ ಉಳಿದಿಲ್ಲ. ಹಾಗಾಗಿ ಅಕ್ಕ ಮಧ್ಯಾಹ್ನ ಅಷ್ಟು ದೂರ ಮನೆಗೆ ಬರುತ್ತಿದ್ದಳು. ಬಂದವಳು ಹೊಟ್ಟೆ ತುಂಬ ನೀರು ಕುಡಿದು, ಸ್ವಲ್ಪ ತಡೆದು, ಮತ್ತೊಮ್ಮೆ ಹೋಗಿಯೇ ಹೊರಡುತ್ತಿದ್ದಳು. ತಡವಾಗುತ್ತಿದ್ದದ್ದು ಅದಕ್ಕೆ. ಇದನ್ನು ತಮ್ಮನಿಗೆ ಬಾಯಿ ಬಿಟ್ಟು ಹೇಳುವುದು ಹೇಗೆ? ಸೆಕೆ ಎಂದಳು. ನಾನು ಚುಕ್ಕೆ ತೋರಿಸಿದೆ. ಅವಳು ಬರುವುದನ್ನು ಬಿಟ್ಟಳು, ಬರುವುದು ಬೇಡವಾಗಲಿ ಎಂದು ಕುಡಿಯುವುದನ್ನೂ ಬಿಟ್ಟಳು. ನೀರು ಸುರಿಯುತ್ತಿದ್ದದ್ದು ಮನೆಯಲ್ಲಿ ಯಾರೂ ಕೇಳದಿರಲಿ ಎಂದು.

ಆಸ್ಪತ್ರೆಯಿಂದ ಬಂದ ಮೇಲೆ ನಾನು ಬೇಕಾದಷ್ಟು ಓಡಾಡಿದೆ. ಎಳನೀರಿನ ಬೊಂಡ ತಂದೆ, ಹಣ್ಣು ತಂದೆ, ಅವಳು ತಿನ್ನದ ಬಿಸ್ಕೀಟೂ ತಂದೆ. ಮೀನು ಮಗುಚಲು ನಾನೇ ಹೋದೆ. ಮೊದಲ ದಿನ ಚಪ್ಪಲಿ ಬಲೆಗೆ ಸಿಕ್ಕಿಕೊಂಡಿತು, ಕಳಚಿದರೆ ಹೊಯಿಗೆಯ ಮೇಲೆ ಕಾಲು ನಿಲ್ಲಲಿಲ್ಲ. "ಹ್ವಾಯ್, ಮೊಬೈಲ್ ಎಂತ ಹೇಳತ್ತ್ ಇವತ್ತ್?" ಎಂದು ಹೆಂಗಸರು ಕೇಳಿದರು. ಅವರ ಬುಟ್ಟಿಗಳ ಕಡೆ ನೋಡಿದೆ. ಮಧ್ಯಾಹ್ನವಾದರೂ ಎಲ್ಲರ ಬಾಟಲಿಯೂ ತುಂಬಿಯೇ ಇತ್ತು. ದಡದ ಹತ್ತಿರದ ಮನೆಯವರ ಕೈಕಾಲು ಹಿಡಿದು, ಅವರ ಹಿತ್ತಲಿನ ಪಾಯಿಖಾನೆಯನ್ನು ಹಗಲು ಹೊತ್ತು ಹೆಂಗಸರಿಗೆ ತೆರೆದಿಡುವಂತೆ ಮಾಡಿದೆ. ಅಲ್ಲಿಗೆ ನೀರು ತುಂಬುವ ಕೆಲಸ ನನ್ನದು. ಒಳ್ಳೆಯವನಾದೆ ಎಂದು ಹೇಳುತ್ತಿಲ್ಲ. ಇಷ್ಟೆಲ್ಲ ಮಾಡಿದ್ದು ಒಂದು ಮಾತು ಹೇಳುವುದರಿಂದ ತಪ್ಪಿಸಿಕೊಳ್ಳಲು ಎಂದು ನನ್ನ ಮೇಲೆಯೇ ನನಗೆ ಸಂಶಯ. ಮೊಬೈಲು ತೋರಿಸಿದ್ದು ಅಕ್ಕನಿಗೆ ಗೊತ್ತು. ದೋಣಿಯ ಮರೆಯಲ್ಲಿ ಕೂತದ್ದು ಗೊತ್ತಿಲ್ಲ. ಅವಳು ನೀರು ಚೆಲ್ಲುವುದನ್ನು ಕಣ್ಣಾರೆ ಕಂಡು ಸುಮ್ಮನೆ ಎದ್ದು ಬಂದದ್ದಂತೂ ಯಾರಿಗೂ ಗೊತ್ತಿರಲಿಲ್ಲ.

ಇವತ್ತು ರಾಜುವಿನ ಅಂಗಡಿಯಲ್ಲಿ ಚರ್ಚೆ ಜೋರಾಯಿತು. ಹಿಂದಿನ ದಾಖಲೆ ಮುರಿಯುತ್ತದೆಯೋ ಇಲ್ಲವೋ ಎಂದು. ಒಬ್ಬ ನನ್ನ ಅಭಿಪ್ರಾಯ ಕೇಳಿದ. ನಾನು ಎದ್ದು ಬಂದೆ.

ಅಕ್ಕ ಜಗಲಿಯಲ್ಲಿ ಕೂತು ಒಣ ಚಟ್ಲಿ ಸಿಗಡಿಯ ತಲೆ ಮುರಿಯುತ್ತಿದ್ದಳು. ಬೈಂದೂರಿಗೆ ಹೋಗಲಿಲ್ಲವೇ ಎಂದು ಕೇಳಿದಳು. ನಾನು ಮೊರದ ಈಚೆ ಕೂತು ನಾಲ್ಕು ಚಟ್ಲಿ ಮುರಿದೆ. ಅವಳು ಅದನ್ನು ತೆಗೆದು ಮತ್ತೆ ಸರಿಯಾಗಿ ಮುರಿದಳು. "ಎಂತ ಆಯ್ತ್ ಮಾಣಿ?" ಎಂದಳು. ಈ ವಯಸ್ಸಿನಲ್ಲೂ ನಾನು ಅವಳಿಗೆ ಮಾಣಿಯೇ, ಸಣ್ಣ ಹುಡುಗನೇ. ನಾನು ಕೈಯಲ್ಲಿದ್ದ ಚಟ್ಲಿಯನ್ನು ಮೊರಕ್ಕೆ ಹಾಕಿ ಹೇಳಿದೆ.

"ಅಕ್ಕ, ನಾನ್ ಅವತ್ತ್ ದೋಣಿ ಹಿಂದೆ ಅಡ್ಗಿ ಕೂತ್ ನಿನ್ನ ಕಂಡಿದೆ. ನೀನ್ ನೀರ್ ಚೆಲ್ಲುದನ್ನೂ ಕಂಡಿದೆ. ಎಂತಕೆ ಅಂದೇಳಿ ಕೇಣ್ಕಿತ್ತ್, ಕೇಣ್ಲಿಲ್ಲ. ನಂದ್ ತಪ್ಪಾಯ್ತ್ ಅಕ್ಕ."