ಹಾಡಿನೊಳಗೆ ಬಿಟ್ಟ ಜಾಗ

ಮೊನ್ನೆ ಟ್ರಂಕಿನ ತಳದಿಂದ ಹಳೆಯ ಇಳಕಲ್ ಸೀರೆಯೊಂದನ್ನು ಎಳೆದೆ. ಡಾಂಬರ್ ಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಆ ವಾಸನೆಯಿಂದ ಮದುವೆಯೋ ಅಜ್ಜಿಯೋ ನೆನಪಾಗಬಹುದು. ನನಗೆ ಪೇಟಿ ನೆನಪಾಗುತ್ತದೆ. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತಾರೆ. ನಮ್ಮ ಹಾಡಿನ ಅಕ್ಕೋರು ಜಿರಳೆಗಳಿಗೆ ಹೆದರಿ ಶಾಲೆಯ ಪೇಟಿಯೊಳಗೆ ನಾಲ್ಕು ಡಾಂಬರ್ ಗುಳಿಗೆ ಹಾಕಿಟ್ಟಿದ್ದರು. ತಿದಿ ಒತ್ತಿದಾಗಲೆಲ್ಲ ಸ್ವರದ ಜೊತೆ ಅದೂ ಬರುತ್ತಿತ್ತು. ಸಾ ಹಿಡಿದರೂ ಡಾಂಬರ್ ಗುಳಿಗೆ, ಪಾ ಹಿಡಿದರೂ ಡಾಂಬರ್ ಗುಳಿಗೆ. ಸೀರೆ ಮಡಿಲಲ್ಲಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ… ಒಲೆಯ ಮೇಲಿನ ಹಾಲು ಉಕ್ಕಿ ಹೋಗಿತ್ತು.

ಬಸವನ ಬಾಗೇವಾಡಿಯಲ್ಲಿ ನಾನು ಹೈಸ್ಕೂಲು ಓದುತ್ತಿದ್ದ ಕಾಲ ಅದು, ತೊಂಬತ್ತರ ದಶಕದ ಕೊನೆ. ಟೀಚರ್ ಎಂಬ ಮಾತು ಆಗಲೇ ಬಂದಿದ್ದರೂ ನಮಗೆ ಅವರು ಅಕ್ಕೋರೇ. ಗಿಡ್ಡ ಆಳು. ಬಹಳ ವರ್ಷ ಪೇಟಿ ಒತ್ತಿದ್ದಕ್ಕೋ ಏನೋ ಎಡಗಡೆಯ ಭುಜ ಕೊಂಚ ಮೇಲೆದ್ದಿತ್ತು. ನಡೆಯುತ್ತ ನಡೆಯುತ್ತ ದಾರಿಯ ನಡುವೆಯೇ ನಿಂತುಬಿಡುತ್ತಿದ್ದರು. ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಒಂದು ಸಿನಿಮಾ ಹಾಡು, ಗುಡಿಯ ಮೈಕಿನಲ್ಲಿ ಒಂದು ಭಜನೆ, ನಡುವೆ ಹಿಟ್ಟಿನ ಗಿರಣಿಯ ಟಕಟಕ. ಕೊಡೆ ಹಿಡಿದುಕೊಂಡು, ಕಣ್ಣು ಮುಚ್ಚಿ, ಮೂರನ್ನೂ ಕೇಳುತ್ತಾ ನಿಲ್ಲುವರು. ಅಕ್ಕೋರಿಗೆ ಮನೆಯ ದಾರಿ ಮರೆತಿದೆ ಎಂದು ಪರವೂರಿನವರು ಯಾರಾದರೂ ಕೈಹಿಡಿದು ದಾಟಿಸಿದ್ದೂ ಉಂಟು. ಅವರು ದಾಟಿಸಿಕೊಂಡು, ನಮಸ್ಕಾರ ಹೇಳಿ, ಆ ಕಡೆ ಹೋಗಿ ಮತ್ತೆ ನಿಲ್ಲುತ್ತಿದ್ದರು.

ಈಗ ನನ್ನ ತಮ್ಮನ ಮಗಳು ಮೊಬೈಲು ಕಿವಿಗೆ ಹಚ್ಚಿಕೊಂಡು ಮ್ಯಾಶಪ್ ಕೇಳುತ್ತಾಳೆ. ಎರಡು ಹಾಡು ಕೂಡಿಸಿ ಒಂದು ಮಾಡಿರುತ್ತಾರೆ, ಒಂದರ ದನಿ ಇನ್ನೊಂದರ ತಾಳ. ಜಗತ್ತಿನಲ್ಲಿ ಇದೇ ಮೊದಲು ಎಂಬಂತೆ ನನಗೂ ಕೇಳಿಸುತ್ತಾಳೆ. ನಾನು ಹೂಂ ಎನ್ನುತ್ತೇನೆ. ಅಕ್ಕೋರು ಅದನ್ನು ಹರಕು ಪೇಟಿಯ ಮೇಲೆ ಮಾಡಿ ಮುಗಿಸಿದ್ದರು ಎಂದರೆ ನಂಬುವವರು ಯಾರು? ಅವರು ಅದಕ್ಕೆ 'ಕೂಡ್ಸೋದು' ಎಂದಷ್ಟೇ ಹೇಳುತ್ತಿದ್ದರು.

"ಇದೇನು ಹೊಸಾದಲ್ಲವ್ವ," ಎನ್ನುತ್ತಿದ್ದರು. "ಭಜನಿ ಪುಸ್ತಕ ನೋಡ್ರಿ. ಹಾಡಿನ ನೆತ್ತಿ ಮ್ಯಾಲ ಧಾಟಿ ಅಂತ ಬರದು ಸಿನಿಮಾ ಹಾಡಿನ ಹೆಸರು ಹಾಕಿರ್ತಾರ. ದೇವರು ಬ್ಯಾಡ ಅಂದಾನೇನು?"

ದೇವರು ಬೇಡ ಎನ್ನಲಿಲ್ಲ, ಹೆಡ್‌ಮಾಸ್ತರರು ಬೇಡ ಎಂದರು. ಒಂದು ಸೋಮವಾರ ಅಕ್ಕೋರು ನಮ್ಮಿಂದ ಶಾಲೆಯ ಪ್ರಾರ್ಥನೆಯನ್ನು ಆಗ ಊರೆಲ್ಲ ಹಾಡುತ್ತಿದ್ದ ಒಂದು ಪ್ರೇಮಗೀತೆಯ ಧಾಟಿಯಲ್ಲಿ ಹಾಡಿಸಿಬಿಟ್ಟರು. ಹೆಡ್‌ಮಾಸ್ತರರು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದರು. ಎರಡನೆಯ ಸಾಲಿಗೆ ಅವರ ಬಲಗಾಲು ತಾಳ ಹಾಕತೊಡಗಿತು. ಮೂರನೆಯದಕ್ಕೆ ತಲೆಯೂ ಆಡಿತು. ನಾಲ್ಕನೆಯ ಸಾಲಿಗೆ, ಇದು ಎಲ್ಲಿಯ ಹಾಡು ಎಂದು ಹೊಳೆದು ಫಕ್ಕನೆ ಕಣ್ಣು ತೆರೆದರು. ಮುನ್ನೂರು ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. "ಅಕ್ಕೋರ, ಬಾಕಿ ಏನರ ಮಾಡ್ರಿ, ಪ್ರಾರ್ಥನಾಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ," ಎಂದರು. ಅಕ್ಕೋರು ಅದನ್ನು ಉಳಿದದ್ದಕ್ಕೆಲ್ಲ ಸಿಕ್ಕ ಅಪ್ಪಣೆ ಎಂದೇ ತಿಳಿದುಕೊಂಡರು.

ನಾನು ಶಾಲೆಯ ಹಾಡುಗಾರ್ತಿ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ದನಿ ಚೆನ್ನಾಗಿತ್ತು. ಅದಕ್ಕಿಂತ ಜಂಬ ಚೆನ್ನಾಗಿತ್ತು. ಪ್ರತಿವರ್ಷದ ಗ್ಯಾದರಿಂಗಿನಲ್ಲಿ, ಎಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ನಾನು ಒಬ್ಬಳೇ ಹಾಡಬೇಕು, ಉಳಿದವರು ಹಿಂದೆ ನಿಂತು ಗುನುಗಬೇಕು. ಹಾಗೆಂದು ಯಾರೂ ಬರೆದುಕೊಟ್ಟಿರಲಿಲ್ಲ, ಆದರೆ ಹಾಗೇ ನಡೆದುಬಂದಿತ್ತು. ಒಂಬತ್ತನೆಯ ತರಗತಿಗೆ ಮುದ್ದೇಬಿಹಾಳ ರಸ್ತೆಯ ತಾಂಡಾದಿಂದ ಒಬ್ಬ ಲಂಬಾಣಿ ಹುಡುಗಿ ಬಂದು ಸೇರಿದಳು. ಅಪ್ಪ ಅವ್ವ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಇವಳು ಅಜ್ಜಿಯ ಜೊತೆ ಇದ್ದಳು. ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ. ಆ ವರ್ಷದ ಗ್ಯಾದರಿಂಗಿಗೆ ತರಗತಿಗೊಂದೇ ಹಾಡು ಎಂದು ಗೊತ್ತಾಗಿ, ಯಾರು ಹಾಡುತ್ತೀರಿ ಎಂದು ಅಕ್ಕೋರು ಕೇಳಿದಾಗ, ಎಲ್ಲರೂ ನನ್ನ ಕಡೆ ತಿರುಗಿದರು. ಹಿಂದಿನ ಸಾಲಿನಿಂದ ಅವಳೂ ಕೈ ಎತ್ತಿದಳು.

ನಾನು ನನ್ನ ಅಜ್ಜಿಯಿಂದ ಕಲಿತ ಬೀಸುವ ಪದ ಹಾಡಿದೆ. 'ತಿರುಗವ್ವ ಕಲ್ಲ ತಿರುಗವ್ವ, ತವರಿನ ಹಾದಿಯ ಮ್ಯಾಗ ಬೆಳಕೈತಿ…' ಬೀಸುಕಲ್ಲಿನ ಗತಿಗೆ ಸರಿಯಾಗಿ, ಎಲ್ಲೂ ತಪ್ಪದೆ ಹಾಡಿದೆ. ಆಮೇಲೆ ಅವಳು ಹಾಡಿದಳು. ಮದುವೆಯಾದ ಮಗಳು ತಾಂಡಾ ಬಿಟ್ಟು ಹೋಗುವಾಗ ಅತ್ತುಕೊಂಡು ಹಾಡುವ ಹಾಡಂತೆ ಅದು. ಅವಳ ಭಾಷೆಯ ಒಂದು ಮಾತೂ ನಮಗೆ ತಿಳಿಯಲಿಲ್ಲ. ತಾಳವೂ ಇರಲಿಲ್ಲ. ದನಿ ಎಳೆದುಕೊಂಡು ಹೋಗಿ, ತುದಿಯಲ್ಲಿ ಸ್ವಲ್ಪ ನಡುಗಿ, ಇಳಿಯುತ್ತಿತ್ತು. ಅಕ್ಕೋರು ಕಣ್ಣು ಮುಚ್ಚಿದವರು ಹಾಡು ಮುಗಿದ ಎಷ್ಟೋ ಹೊತ್ತಿನ ಮೇಲೆ ತೆರೆದರು. ಮರುದಿನ ಬಂದು, ಎರಡನ್ನೂ ಕೂಡಿಸುತ್ತೇನೆ ಎಂದರು. ನನ್ನ ಮುಖ ಹುಳ್ಳಗಾಯಿತು.

ಅವರ ಉಪಾಯ ಸರಳವಾಗಿತ್ತು. ನನ್ನ ಹಾಡಿನ ಪ್ರತಿ ಸಾಲಿನ ಕೊನೆಗೆ ಬೀಸುಕಲ್ಲು ಎರಡು ಸುತ್ತು ತಿರುಗುವಷ್ಟು ಹೊತ್ತು ನಾನು ಸುಮ್ಮನಿರಬೇಕು. ಆ ಎರಡು ಸುತ್ತಿನಲ್ಲಿ ಅವಳ ಹಾಡಿನ ಒಂದು ಎಳೆ ಬರಬೇಕು. ಕೊನೆಯ ಸಾಲಿನಲ್ಲಿ ಮಾತ್ರ ಇಬ್ಬರೂ ಒಟ್ಟಿಗೆ. ಸ್ವರ ಹೊಂದಿಸಲು ಅವಳನ್ನು ಸ್ವಲ್ಪ ಕೆಳಗಿಳಿಸಿದರು, ನನ್ನನ್ನು ಸ್ವಲ್ಪ ಮೇಲೆತ್ತಿದರು. ಬೇವಿನ ಗಿಡದ ಸುತ್ತ ನಮ್ಮಿಬ್ಬರನ್ನು ಹೆಜ್ಜೆ ಹಾಕಿಸಿ ಗತಿ ಕಲಿಸಿದರು. ನಾನು ಬಿಡಬೇಕಾದ ಜಾಗ ಬಿಡುತ್ತಲೇ ಇರಲಿಲ್ಲ. ಎರಡನೆಯ ಸುತ್ತು ಮುಗಿಯುವ ಮೊದಲೇ ಅವಳ ದನಿಯ ಮೇಲೆ ಬೀಳುತ್ತಿದ್ದೆ. ಒಂದು ವಾರ ಹೀಗೇ ಆಯಿತು. ಅಕ್ಕೋರು ಪೇಟಿಯ ತಿದಿ ಮುಚ್ಚಿ ನನ್ನನ್ನು ನೋಡಿದರು.

"ನಿನಗ ಹಾಡಾಕ ಬರ್ತೈತಿ," ಎಂದರು. "ಸುಮ್ಮಕಿರಾಕ ಬರೂದಿಲ್ಲ. ಅದನ್ನ ಕಲಿ."

ಒಂದು ಮಧ್ಯಾಹ್ನ ಅದು ಹೇಗೋ ಕೂಡಿತು. ನಾನು ನಿಂತೆ, ಅವಳು ಎದ್ದಳು. ಅವಳು ಇಳಿದಳು, ನಾನು ಹಿಡಿದೆ. ನನ್ನ ಹಾಡಿನಲ್ಲಿದ್ದ ತವರಿನ ಹಾದಿಯಲ್ಲಿ ಅವಳ ಹಾಡಿನ ಮಗಳು ಅಳುತ್ತ ನಡೆದುಹೋಗುತ್ತಿರುವಂತೆ ಕಂಡಿತು. ಎರಡೂ ಹಾಡು ಎಂದೋ ಒಂದೇ ಆಗಿದ್ದು, ಯಾರೋ ಬೇರೆ ಬೇರೆ ಓಣಿಗೆ ಹಂಚಿಬಿಟ್ಟಿದ್ದರೇನೋ… ಹೊರಗೆ ಜವಾನ ಗಂಟೆ ಹೊಡೆಯಲು ಕೈ ಎತ್ತಿದವನು ಹಾಗೇ ನಿಂತಿದ್ದ. ಅಂದು ಶಾಲೆ ಹತ್ತು ನಿಮಿಷ ತಡವಾಗಿ ಬಿಟ್ಟಿತು. ಅಷ್ಟು ಸುಖ ನನಗೆ ಒಬ್ಬಳೇ ಹಾಡಿದಾಗ ಎಂದೂ ಆಗಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ಸುಖ ಗೊತ್ತಿದ್ದೂ ನಾನು ಮುಂದಿನದನ್ನು ಮಾಡಿದೆ.

ಗ್ಯಾದರಿಂಗಿನ ಹಿಂದಿನ ದಿನ ಅಕ್ಕೋರು ತಬಲಾ ತರಲು ಮಧ್ಯಾಹ್ನವೇ ಹೋಗಿದ್ದರು. ಶಾಲೆ ಬಿಟ್ಟ ಮೇಲೆ ಅವಳು ನೀರಿನ ಟಾಕಿಯ ಬಳಿ ನನ್ನನ್ನು ನಿಲ್ಲಿಸಿದಳು.

"ಅಪ್ಪ ಬಂದಾನ. ಅವ್ವ ಹಡದಾಳ, ಕೂಸು ಹಿಡಿಯಾಕ ಯಾರೂ ಇಲ್ಲ. ನಾಳಿ ಮುಂಜಾನಿ ಮೊದಲನೆ ಬಸ್ಸಿಗೆ ಗೋವಾಕ್ಕ ಹೊಂಟೇವಿ," ಎಂದಳು. "ಅಕ್ಕೋರ ಮನಿ ನಿಮ್ಮ ಓಣ್ಯಾಗ ಐತೆಲ್ಲ. ಇವತ್ತ ಹೇಳು. ಅವರು ಮುಂಜಾನಿ ಬಂದು ಒಂದ ಮಾತು ಅಂದ್ರ ಅಪ್ಪ ಒಂದ ದಿನ ನಿಂತಾನ. ಅಕ್ಕೋರ ಮಾತು ತಗದು ಹಾಕೂದಿಲ್ಲ ಅಂವ."

ಹೇಳುತ್ತೇನೆ ಎಂದೆ. ಸಂಜೆ ಅಕ್ಕೋರ ಮನೆಯ ಮುಂದೆ ಹೋದೆ. ಒಳಗೆ ಪೇಟಿ ನುಡಿಯುತ್ತಿತ್ತು, ನಮ್ಮ ಹಾಡೇ. ಕಟ್ಟೆಯ ಮೇಲೆ ಒಂದು ಕಾಲಿಟ್ಟು ನಿಂತೆ. ಅವಳು ಹೋದರೆ ನಾಳೆ ನಾನೊಬ್ಬಳೇ… ಅಷ್ಟೇ ವಿಚಾರ, ಬೇರೇನೂ ಇಲ್ಲ. ಹೇಳಲು ಧೈರ್ಯವಾಗಲಿಲ್ಲ, ಮರೆತೆ ಎಂದೆಲ್ಲ ಆಮೇಲೆ ನನಗೆ ನಾನೇ ಹೇಳಿಕೊಂಡದ್ದುಂಟು. ಮರೆತಿರಲಿಲ್ಲ. ಕಾಲು ಹಿಂದೆ ತೆಗೆದುಕೊಂಡು ಮನೆಗೆ ಬಂದು, ಬಿಸಿ ರೊಟ್ಟಿ, ಪುಂಡಿಪಲ್ಯ ಚೆನ್ನಾಗಿ ಉಂಡೆ.

ಮರುದಿನ ಅಕ್ಕೋರು ಶಾಲೆಯ ಗೇಟಿನಲ್ಲಿ ನಿಂತು ಮುದ್ದೇಬಿಹಾಳ ರಸ್ತೆಯನ್ನೇ ನೋಡುತ್ತಿದ್ದರು. ಮಧ್ಯಾಹ್ನ ತಾಂಡಾದ ಕಡೆಯಿಂದ ಬಂದ ಹಾಲಿನವನು, ಅಪ್ಪ ಮಗಳು ಮುಂಜಾನೆಯೇ ಹೋದರು ಎಂದ. ಅಕ್ಕೋರು ನೇರವಾಗಿ ನನ್ನ ಬಳಿ ಬಂದರು.

"ನಿನಗೇನರ ಗೊತ್ತಿತ್ತೇನು?"

"ಇಲ್ರಿ ಅಕ್ಕೋರ."

ಅವರು ನಂಬಿದರು. ಅದೇ ನನಗೆ ಇಂದಿಗೂ ಚುಚ್ಚುವುದು. ಹಾಗಾದರೆ ಪೂರ್ತಿ ಹಾಡು ನಾನೊಬ್ಬಳೇ ಹಾಡಲೇ ಎಂದು ಕೇಳಿದೆ, ನಾಚಿಕೆಗೆಟ್ಟವಳು.

"ಹೆಂಗ ಕಲಿಸೇನಿ ಹಂಗ ಹಾಡು. ಅಕಿ ಜಾಗಾ ಅಕಿಗೆ ಬಿಡು," ಎಂದರು.

ಪೆಂಡಾಲಿನಲ್ಲಿ ಊರೇ ನೆರೆದಿತ್ತು. ನಾನು ಮೊದಲ ಸಾಲು ಹಾಡಿ ನಿಂತೆ. ಅಕ್ಕೋರು ಅವಳ ಹಾಡನ್ನು ಪೇಟಿಯ ಮೇಲೆ ನುಡಿಸುತ್ತಾರೆ ಎಂದುಕೊಂಡಿದ್ದೆ. ಅವರು ಬರೀ ಸಾ ಹಿಡಿದು ಕಣ್ಣು ಮುಚ್ಚಿ ಕೂತರು. ಒಂದು ಸುತ್ತು, ಎರಡು ಸುತ್ತು. ಎರಡನೆಯ ಸಾಲು ಹಾಡಿದೆ, ಮತ್ತೆ ನಿಂತೆ. "ಮರತಾಳ್ರಿ, ಮರತಾಳ!" ಎಂದು ಯಾರೋ ಕೂಗಿದರು. ಜನ ನಕ್ಕರು. ನಮ್ಮ ಅಪ್ಪ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿದರು. ಆ ಖಾಲಿ ಜಾಗದಲ್ಲಿ ನನಗೆ ಅವಳ ದನಿ ಕೇಳಿಸಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಕೇಳಿಸಲಿಲ್ಲ. ಎಷ್ಟು ಕಿವಿಗೊಟ್ಟರೂ ಕೇಳಿಸಲಿಲ್ಲ. ಕೊನೆಯ ಸಾಲಿಗೆ ನನ್ನ ದನಿ ಒಡೆಯಿತು. ಪರದೆಯ ಹಿಂದೆ ಬಂದು ಅತ್ತೆ. ಜನ ನಕ್ಕಿದ್ದಕ್ಕೆ ಅಳುತ್ತಿದ್ದೇನೆ ಎಂದು ಅಕ್ಕೋರು ನನ್ನ ಬೆನ್ನು ಸವರಿದರು.

ಅವಳು ಮತ್ತೆ ಶಾಲೆಗೆ ಬರಲಿಲ್ಲ. ಅವಳ ಅಜ್ಜಿಯನ್ನೂ ಆಮೇಲೆ ಕರೆದುಕೊಂಡು ಹೋದರಂತೆ. ಜೂನ್ ತಿಂಗಳಲ್ಲಿ ಅಕ್ಕೋರಿಗೆ ಇಂಡಿ ತಾಲ್ಲೂಕಿಗೆ ವರ್ಗವಾಯಿತು. ಅವರ ಸಾಮಾನಿನ ಟೆಂಪೋ ನಮ್ಮ ಓಣಿ ದಾಟುವಾಗ ನಾನು ಮನೆಯೊಳಗೇ ಇದ್ದೆ.

ಏಳೆಂಟು ವರ್ಷಗಳ ಮೇಲೆ, ನಾನು ಸಿಂದಗಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ, ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ನಿವೃತ್ತಿಯಾಗಿತ್ತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಂಗಿಯ ಜೊತೆ ಇಂಡಿ ಬಸ್ಸಿಗೆ ಕಾಯುತ್ತಿದ್ದರು. ಅಕ್ಕನಿಗೆ ಈಗೀಗ ಬಹಳ ಮರೆವು ಎಂದು ತಂಗಿ ಮೊದಲೇ ಹೇಳಿದರು. ಆದರೆ ಅಕ್ಕೋರು ನನ್ನನ್ನು ಕಂಡ ಕೂಡಲೇ ಗುರುತಿಸಿದರು. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ಇಂದು ಹೇಳದಿದ್ದರೆ ಎಂದೂ ಹೇಳಲಾರೆ ಎನಿಸಿತು.

"ಅಕ್ಕೋರ, ಆ ಗ್ಯಾದರಿಂಗಿನ್ಯಾಗ ಆ ತಾಂಡಾದ ಹುಡುಗಿ…" ಎಂದು ಸುರು ಮಾಡಿದೆ.

ಅವರ ಮುಖ ಅರಳಿತು. ನನ್ನ ಕೈಯನ್ನು ಎರಡೂ ಕೈಯಿಂದ ಒತ್ತಿ ಹಿಡಿದರು.

"ಅಯ್ಯ, ಮರೀತೇನೇನು? ಇಬ್ಬರೂ ಎಷ್ಟ ಛಂದ ಹಾಡಿದ್ರಿ! ನೀ ನಿಂತಿ, ಅಕಿ ಹಿಡದ್ಲು. ಮಂದಿ ಹಂಗ ಗಪ್ಪಾಗಿ ಕುಂತಿದ್ರು ನೋಡು. ಕಡೀ ಸಾಲಿಗೆ ಇಬ್ಬರೂ ಕೂಡಿದ್ರೆಲ್ಲ… ನಾ ಸತ್ತರೂ ಮರಿಯೂದಿಲ್ಲ ಅದನ್ನ."

ನಾನು ತಂಗಿಯ ಮುಖ ನೋಡಿದೆ. ಅವರಿಗೇನು ಗೊತ್ತು, ಸುಮ್ಮನೆ ನಕ್ಕರು. ಅಕ್ಕೋರು ಬಸ್‌ಸ್ಟ್ಯಾಂಡಿನ ಗದ್ದಲದ ನಡುವೆ ಕಣ್ಣು ಮುಚ್ಚಿ, ಬೆರಳಿನಿಂದ ನನ್ನ ಅಂಗೈ ಮೇಲೆ ಸುತ್ತು ಎಣಿಸುತ್ತಿದ್ದರು. ಅವರ ನೆನಪಿನಲ್ಲಿ ಅವಳು ಬಂದಿದ್ದಳು, ಹಾಡಿದ್ದಳು. ನಾನು ಬಿಡಿಸಿದ್ದನ್ನು ಅವರು ಒಳಗೊಳಗೇ ಕೂಡಿಸಿಕೊಂಡಿದ್ದರು. ಕ್ಷಮೆ ಕೇಳೋಣವೆಂದರೆ ಅವರ ಬಳಿ ನನ್ನ ತಪ್ಪೇ ಉಳಿದಿರಲಿಲ್ಲ. ಇಂಡಿ ಬಸ್ಸು ಬಂತು. ಹೌದ್ರಿ ಅಕ್ಕೋರ, ಛಂದ ಹಾಡಿದಿವಿ ಎಂದು ಹೇಳಿ, ಕೈಹಿಡಿದು ಹತ್ತಿಸಿ ಬಂದೆ.

ಅಕ್ಕೋರು ತೀರಿಕೊಂಡರು ಎಂಬ ಸುದ್ದಿ ಹೋದ ವರ್ಷ ಬಂತು. ಮಣ್ಣಿಗೆ ಹೋಗಲು ಆಗಲಿಲ್ಲ. ಅವರು ಕೂಡಿಸಿದ ಆ ಹಾಡು ಪೂರ್ತಿಯಾಗಿ ಕೇಳಿಸುತ್ತಿದ್ದದ್ದು ಅವರೊಬ್ಬರಿಗೇ, ಅವರ ಜೊತೆ ಅದೂ ಹೋಯಿತು. ನನ್ನಲ್ಲಿ ಉಳಿದದ್ದು ಅರ್ಧ. ಇನ್ನರ್ಧ ಹಾಡಬೇಕಾದವಳು ಗೋವಾದಲ್ಲೋ ಇನ್ನೆಲ್ಲೋ ಇದ್ದಾಳೆ. ಈಗ ಅವಳಿಗೂ ನನ್ನಷ್ಟೇ ವಯಸ್ಸಾಗಿರಬೇಕು. ಅಂದು ಮುಂಜಾನೆ ಬಸ್ಸಿನ ಕಿಟಕಿಯಿಂದ, ಅಕ್ಕೋರು ಬರುತ್ತಾರೆ ಎಂದು ಅವಳು ಎಲ್ಲಿಯ ತನಕ ಹಿಂತಿರುಗಿ ನೋಡುತ್ತಿದ್ದಳೋ…